ಅವ್ವನ ಐದು ದಿನದ ಕರೆಂಟು: ಕ್ಯಾನ್ಸರ್ ಯಂತ್ರ ಕೊಳ್ಳುವವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ವೈದ್ಯಕೀಯ ಶಿಕ್ಷಣ ಸಚಿವರಿಗೆ, ಆರೋಗ್ಯ ಸಚಿವರಿಗೆ, ಮತ್ತು ಸರ್ಕಾರಿ ಆಸ್ಪತ್ರೆಗಳಿಗೆ ರೇಡಿಯೇಷನ್ ಯಂತ್ರ ತರಿಸಲು ಟೆಂಡರ್ ಬರೆಯುವ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಗದಗ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಡಾಕ್ಟರ್ ಅಲ್ಲ. ಎರಡು ವರ್ಷದ ಹಿಂದೆ ನಮ್ಮ ಅವ್ವನ ಎಡ ಸ್ತನದಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿತು. ಗಡ್ಡೆ ಚಿಕ್ಕದಿತ್ತು, ಬೇಗ ಗೊತ್ತಾಯಿತು, ಸ್ತನ ಉಳಿಸಿಕೊಂಡೇ ಆಪರೇಷನ್ ಮಾಡಿದರು. ಆಮೇಲೆ ಕರೆಂಟು. ನಮ್ಮ ಕಡೆ ರೇಡಿಯೇಷನ್‌ಗೆ ಯಾರೂ ರೇಡಿಯೇಷನ್ ಅನ್ನುವುದಿಲ್ಲ, ಕರೆಂಟು ಇಡಿಸೋದು ಅನ್ನುತ್ತಾರೆ. ಅವ್ವನಿಗೆ ಹದಿನೈದು ಸಲ ಕರೆಂಟು ಇಟ್ಟರು, ಮನೆಯಿಂದ ದಿನಾ ಹೋಗಿ ಬರುವಷ್ಟು ದೂರದ ಆಸ್ಪತ್ರೆಯಲ್ಲಿ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಹದಿನೈದು ಮುಗಿದ ಮೇಲೆ ಗಡ್ಡೆ ಇದ್ದ ಜಾಗಕ್ಕೆ ಮಾತ್ರ ಇನ್ನೂ ಐದು ಸಲ ಜಾಸ್ತಿ ಕೊಡಬೇಕು ಎಂದರು. ಅದಕ್ಕೆ ಬೂಸ್ಟ್ ಅನ್ನುತ್ತಾರೆ. ಗಡ್ಡೆ ಇದ್ದದ್ದು ಚರ್ಮಕ್ಕೆ ಹತ್ತಿರ, ಕೆಳಗೇ ಹೃದಯ. ಇದಕ್ಕೆ ಎಲೆಕ್ಟ್ರಾನ್ ಒಳ್ಳೆಯದು, ನಮ್ಮ ಯಂತ್ರದಲ್ಲಿ ಎಲೆಕ್ಟ್ರಾನ್ ಇಲ್ಲ, ಬೆಂಗಳೂರಿಗೆ ಹೋಗಿ ಎಂದು ಡಾಕ್ಟರ್ ಚೀಟಿ ಬರೆದುಕೊಟ್ಟರು. ಯಂತ್ರ ಹೊಸದು. ಕೋಟಿಗಟ್ಟಲೆ ಬೆಲೆಯದು. ಹಾಗಿದ್ದೂ ಅದರಲ್ಲಿ ಎಲೆಕ್ಟ್ರಾನ್ ಇಲ್ಲ ಎಂದರೆ ಏನರ್ಥ ಎಂದು ಭೌತಶಾಸ್ತ್ರ ಓದಿದ ನನಗೇ ಆವತ್ತು ತಿಳಿಯಲಿಲ್ಲ.

ರಾತ್ರಿ ರೈಲಿನಲ್ಲಿ ಹೋದೆವು. ಮತ್ತೆ ಸ್ಕ್ಯಾನ್, ಮತ್ತೆ ಲೆಕ್ಕ, ಮತ್ತೆ ಸರತಿ. ಐದು ದಿನದ ಕೆಲಸಕ್ಕೆ ಹತ್ತೊಂಬತ್ತು ದಿನ ಲಾಡ್ಜ್‌ನಲ್ಲಿದ್ದೆವು. ದಿನಕ್ಕೆ ಯಂತ್ರ ಕೆಲಸ ಮಾಡಿದ್ದು ಎರಡು ನಿಮಿಷವೂ ಇರಲಿಕ್ಕಿಲ್ಲ. ಸರ್ಕಾರದ ಕಾರ್ಡ್ ಇತ್ತು, ಚಿಕಿತ್ಸೆಗೆ ದುಡ್ಡು ಕೇಳಲಿಲ್ಲ, ಆ ಉಪಕಾರ ಮರೆಯುವುದಿಲ್ಲ. ಆದರೆ ಲಾಡ್ಜು, ಊಟ, ಆಟೋ, ನನ್ನ ಸಂಬಳವಿಲ್ಲದ ರಜೆ ಎಲ್ಲ ಸೇರಿದರೆ ಅದೇ ಒಂದು ದೊಡ್ಡ ಬಿಲ್ಲು. ನನಗೆ ನೌಕರಿ ಇದೆ, ತಡೆದುಕೊಂಡೆ. ಪಕ್ಕದ ಕೋಣೆಯಲ್ಲಿ ರಾಯಚೂರು ಕಡೆಯ ಒಬ್ಬ ಹೆಂಗಸು ಇದ್ದಳು, ಹೊಲದ ಕೂಲಿ ಬಿಟ್ಟು ಬಂದಿದ್ದಳು, ಮೂರನೇ ದಿನಕ್ಕೆ ಕೈಯಲ್ಲಿದ್ದ ದುಡ್ಡು ಮುಗಿದು ಬೂಸ್ಟ್ ಅರ್ಧಕ್ಕೇ ಬಿಟ್ಟು ಊರಿಗೆ ಹೋದಳು. ಅವಳ ಮುಖ ನೆನಪಾಗುತ್ತಲೇ ಇರುತ್ತದೆ. ಈ ಪತ್ರ ಅರ್ಧ ಅವಳ ಪರವಾಗಿ ಎಂದುಕೊಳ್ಳಿ.

ಆ ಹತ್ತೊಂಬತ್ತು ದಿನ ಮಾಡಲು ಬೇರೆ ಕೆಲಸ ಇರಲಿಲ್ಲ. ಅಲ್ಲಿನ ಮೆಡಿಕಲ್ ಫಿಸಿಸಿಸ್ಟ್ (ರೇಡಿಯೇಷನ್ ಎಷ್ಟು ಎಂದು ಲೆಕ್ಕ ಹಾಕಿ, ಯಂತ್ರ ಅಳೆದು ನೋಡುವವರು) ಒಬ್ಬರು ತಾಳ್ಮೆಯ ಮನುಷ್ಯ, ನಾನೂ ಫಿಸಿಕ್ಸಿನವಳು ಎಂದು ತಿಳಿದ ಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಊರಿಗೆ ಬಂದ ಮೇಲೆ ಒಂದು ವರ್ಷ ಕೂತು ಓದಿದೆ. ತಿಳಿದದ್ದನ್ನು ನಿಮಗೆ ಹೇಳಬೇಕು.

ಮಾಮೂಲಿ ರೇಡಿಯೇಷನ್ ಚಿಕಿತ್ಸೆಯಲ್ಲಿ ಕೊಡುವುದು ಎಕ್ಸ್‌ರೇ. ಅದು ಹುಟ್ಟುವುದೂ ಎಲೆಕ್ಟ್ರಾನ್‌ನಿಂದಲೇ. ಲಿನಾಕ್ ಎಂಬ ಯಂತ್ರದೊಳಗೆ ಎಲೆಕ್ಟ್ರಾನ್‌ಗಳನ್ನು ಓಡಿಸಿ ಓಡಿಸಿ ವೇಗ ಹೆಚ್ಚಿಸುತ್ತಾರೆ, ಕೊನೆಗೆ ಟಂಗ್‌ಸ್ಟನ್ ತುಂಡಿಗೆ ಹೊಡೆಸುತ್ತಾರೆ, ಆಗ ಎಕ್ಸ್‌ರೇ ಬರುತ್ತದೆ. ಆ ತುಂಡನ್ನು ಪಕ್ಕಕ್ಕೆ ಸರಿಸಿ, ಪ್ರವಾಹವನ್ನು ತುಂಬಾ ತಗ್ಗಿಸಿ, ತೆಳುವಾದ ಲೋಹದ ಹಾಳೆಯ ಮೂಲಕ ಎಲೆಕ್ಟ್ರಾನ್‌ಗಳನ್ನೇ ಹರಡಿ ಹೊರಗೆ ಬಿಟ್ಟರೆ ಅದೇ ಎಲೆಕ್ಟ್ರಾನ್ ಚಿಕಿತ್ಸೆ. ಅವ್ವ ಕರೆಂಟು ಕರೆಂಟು ಅಂದಾಗಲೆಲ್ಲ ಅದು ಕರೆಂಟಲ್ಲ ಎಂದು ತಿದ್ದುತ್ತಿದ್ದೆ. ಆ ಐದು ದಿನ ಅವಳು ಹೇಳಿದ್ದೇ ಸರಿ. ಎಲೆಕ್ಟ್ರಾನ್‌ಗಳ ಹರಿವಿಗೇ ಅಲ್ವಾ ನಾವು ಕರೆಂಟು ಅನ್ನುವುದು.

ಇದರಿಂದ ಲಾಭ ಏನು? ಎಕ್ಸ್‌ರೇ ದೇಹದೊಳಗೆ ಹೋದರೆ ನಿಲ್ಲುವುದಿಲ್ಲ. ಮಾಮೂಲಿ 6 ಎಂವಿ (60 ಲಕ್ಷ ವೋಲ್ಟ್) ಎಕ್ಸ್‌ರೇ ಚರ್ಮದಿಂದ ಒಂದೂವರೆ ಸೆಂಟಿಮೀಟರ್ ಒಳಗೆ ಪೂರ್ತಿ ಬಲ ತಲುಪಿ, ಆಮೇಲೆ ನಿಧಾನಕ್ಕೆ ಇಳಿಯುತ್ತಾ, 10 ಸೆಂಟಿಮೀಟರ್ ಆಳದಲ್ಲೂ ಸುಮಾರು ಮೂರನೇ ಎರಡು ಭಾಗ ಉಳಿದಿರುತ್ತದೆ. ಎಲೆಕ್ಟ್ರಾನ್ ಹಾಗಲ್ಲ. ಅದಕ್ಕೆ ತೂಕ ಇದೆ, ಚಾರ್ಜ್ ಇದೆ, ಹೋಗುತ್ತಾ ಹೋಗುತ್ತಾ ಶಕ್ತಿ ಕಳೆದುಕೊಂಡು ಒಂದು ಕಡೆ ನಿಂತೇ ಬಿಡುತ್ತದೆ. ಎಲ್ಲಿ ನಿಲ್ಲುತ್ತದೆ ಎನ್ನಲು ಫಿಸಿಸಿಸ್ಟ್‌ಗಳ ಬಾಯಲ್ಲಿ ಒಂದು ಸುಲಭದ ಲೆಕ್ಕ ಇದೆ. ಎಲೆಕ್ಟ್ರಾನ್‌ನ ಶಕ್ತಿ ಎಷ್ಟು ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಇದೆಯೋ ಅದನ್ನು ಮೂರರಿಂದ ಭಾಗಿಸಿ, ಅಷ್ಟು ಸೆಂಟಿಮೀಟರ್‌ವರೆಗೆ ಶೇ. 80ಕ್ಕೆ ಕಡಿಮೆ ಇಲ್ಲದಂತೆ ತಲುಪುತ್ತದೆ. ಎರಡರಿಂದ ಭಾಗಿಸಿದರೆ ಬಹುಪಾಲು ನಿಂತುಹೋಗುವ ಜಾಗ. ಅವ್ವನಿಗೆ ಕೊಟ್ಟದ್ದು 9. ಅಂದರೆ 3 ಸೆಂಟಿಮೀಟರ್‌ವರೆಗೆ ಕೆಲಸ, ನಾಲ್ಕೂವರೆಗೆ ಮುಗಿಯಿತು. ಅದರ ಆಚೆಗೆ ಹೋಗುವುದು ನೂರಕ್ಕೆ ಒಂದೆರಡು ಪಾಲಿನಷ್ಟು ಎಕ್ಸ್‌ರೇ ಮಾತ್ರ. ಈ ಲೆಕ್ಕವನ್ನು ಈಗ ನನ್ನ ದ್ವಿತೀಯ ಪಿಯು ಮಕ್ಕಳಿಗೂ ಹೇಳುತ್ತೇನೆ, ಪರೀಕ್ಷೆಗೆ ಬರುವುದಿಲ್ಲ ಎಂದು ಗೊತ್ತಿದ್ದೂ.

ಎಲೆಕ್ಟ್ರಾನ್‌ಗೂ ಕೊರತೆ ಇದೆ, ಅದನ್ನೂ ಹೇಳಬೇಕು. ಚರ್ಮಕ್ಕೆ ಎಕ್ಸ್‌ರೇಗಿಂತ ಜಾಸ್ತಿ ಬೀಳುತ್ತದೆ, ಅವ್ವನ ಚರ್ಮ ಕೆಂಪಾಗಿ ಮೂರು ವಾರ ಉರಿ ಇತ್ತು. ಆಳದ ಗಡ್ಡೆಗೆ ಈಗಿನ ಯಂತ್ರಗಳ ಎಲೆಕ್ಟ್ರಾನ್ ತಲುಪುವುದಿಲ್ಲ. ಎಕ್ಸ್‌ರೇಯಲ್ಲೂ ಬೂಸ್ಟ್ ಕೊಡಬಹುದು, ತುಂಬಾ ಕಡೆ ಹಾಗೇ ಕೊಡುತ್ತಾರೆ, ಎಷ್ಟೋ ರೋಗಿಗಳಿಗೆ ಅದೇ ಸಾಕು. ಆದರೆ ಚರ್ಮದ ಕ್ಯಾನ್ಸರ್, ತುಟಿಯ ಕ್ಯಾನ್ಸರ್, ಸ್ತನ ತೆಗೆದ ಮೇಲೆ ಎದೆಯ ಗಾಯದ ಗುರುತಿನಲ್ಲೇ ಮತ್ತೆ ಏಳುವ ಗಂಟು, ಕತ್ತಿನಲ್ಲಿ ಮೇಲೇ ಇರುವ ಗಂಟು, ಇಂಥವಕ್ಕೆ ಎಲೆಕ್ಟ್ರಾನ್ ಸರಳವಾದ ದಾರಿ. ಮೈಕೋಸಿಸ್ ಫಂಗಾಯ್ಡಿಸ್ ಎಂಬ ಒಂದು ಜಾತಿಯ ಲಿಂಫೋಮಾ (ಬಿಳಿ ರಕ್ತಕಣಗಳ ಕ್ಯಾನ್ಸರ್) ಇದೆ, ಮೈತುಂಬಾ ಚರ್ಮದಲ್ಲಿ ಹರಡುತ್ತದೆ. ಅದಕ್ಕೆ ರೋಗಿಯನ್ನು ಯಂತ್ರದಿಂದ ಮೂರು ನಾಲ್ಕು ಮೀಟರ್ ದೂರದಲ್ಲಿ ನಿಲ್ಲಿಸಿ, ಆರು ಭಂಗಿಗಳಲ್ಲಿ ತಿರುಗಿಸಿ, ಇಡೀ ಮೈಗೆ ಎಲೆಕ್ಟ್ರಾನ್ ಕೊಡುತ್ತಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪುಗೊಂಡ ಪದ್ಧತಿ ಅದು. ಮೊದಲೆಲ್ಲ ಒಟ್ಟು 36 ಗ್ರೇ (ಮೈಗೆ ಬೀಳುವ ರೇಡಿಯೇಷನ್ ಅಳೆಯುವ ಮಾನ) ಕೊಡುತ್ತಿದ್ದರು, ಈಗ ಎಷ್ಟೋ ರೋಗಿಗಳಿಗೆ 12 ಗ್ರೇಯಲ್ಲೇ ಒಳ್ಳೆಯ ಫಲ ಸಿಗುತ್ತಿದೆ. ಎಕ್ಸ್‌ರೇಯಿಂದ ಈ ಕೆಲಸ ಆಗುವುದೇ ಇಲ್ಲ, ಒಳಗಿನ ಅಂಗಾಂಗ ಎಲ್ಲ ಸುಟ್ಟುಹೋಗುತ್ತವೆ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಇತ್ತೀಚೆಗೆ ಬಂದಿರುವ ಕೆಲವು ಲಿನಾಕ್‌ಗಳು ಸಿಟಿ ಸ್ಕ್ಯಾನ್ ಯಂತ್ರದ ಥರ ಉಂಗುರದ ಆಕಾರದಲ್ಲಿವೆ. ಬೇಗ ಕೂರಿಸಬಹುದು, ದಿನಕ್ಕೆ ಹೆಚ್ಚು ರೋಗಿಗಳನ್ನು ನೋಡಬಹುದು, ಒಳ್ಳೆಯ ಯಂತ್ರಗಳೇ. ನಾನು ಅವುಗಳ ವಿರೋಧಿಯಲ್ಲ. ಆದರೆ ಅವು ಎಕ್ಸ್‌ರೇ ಮಾತ್ರ ಕೊಡುತ್ತವೆ. ಹಳೆಯ ಕೋಬಾಲ್ಟ್ ಯಂತ್ರದಿಂದಲೂ ಎಲೆಕ್ಟ್ರಾನ್ ಚಿಕಿತ್ಸೆ ಆಗುವುದಿಲ್ಲ. ಮುಂಬೈನ ಸಮೀರ್ ಸಂಸ್ಥೆ ನಮ್ಮ ದೇಶದಲ್ಲೇ ಮಾಡಿದ 6 ಎಂವಿ ಯಂತ್ರ ಹೆಮ್ಮೆಯ ವಿಷಯ, ಅದೂ ಎಕ್ಸ್‌ರೇ ಯಂತ್ರವೇ. ಹೀಗಾಗಿ ಒಂದು ಊರಿಗೆ ಒಂದೇ ಯಂತ್ರ ಬರುತ್ತದೆ ಎಂದಾದಾಗ, ಆ ಒಂದು ಯಂತ್ರದಲ್ಲಿ ಎಲೆಕ್ಟ್ರಾನ್ ಇಲ್ಲದಿದ್ದರೆ, ಆ ಸುತ್ತಲಿನ ನಾಲ್ಕೈದು ಜಿಲ್ಲೆಗೇ ಎಲೆಕ್ಟ್ರಾನ್ ಇಲ್ಲ ಎಂದಾಯಿತು. ಬೆಂಗಳೂರಿನಲ್ಲಿ ನಾಲ್ಕು ಯಂತ್ರ ಇರುವ ಆಸ್ಪತ್ರೆಯಲ್ಲಿ ಒಂದರಲ್ಲಿ ಇಲ್ಲದಿದ್ದರೆ ಪಕ್ಕದ ಕೋಣೆಯಲ್ಲಿ ಇರುತ್ತದೆ. ನಮಗೆ ಪಕ್ಕದ ಕೋಣೆ ಅಂದರೆ ಒಂದು ರಾತ್ರಿಯ ರೈಲು.

ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ 1973ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಕಲಬುರಗಿಯ ಕಿದ್ವಾಯಿ ಕೇಂದ್ರ ಎಷ್ಟೋ ಬಡವರ ಜೀವ ಹಿಡಿದು ನಿಲ್ಲಿಸಿವೆ. ನಾನು ಯಾವ ಆಸ್ಪತ್ರೆಯನ್ನೂ ದೂರುತ್ತಿಲ್ಲ. ಆಸ್ಪತ್ರೆಯವರು ತಮಗೆ ಬಂದ ಯಂತ್ರದಲ್ಲಿ ಕೆಲಸ ಮಾಡುತ್ತಾರೆ. ಯಾವ ಯಂತ್ರ ಬರಬೇಕು ಎಂದು ತೀರ್ಮಾನವಾಗುವುದು ನಿಮ್ಮ ಮೇಜಿನ ಮೇಲೆ, ಟೆಂಡರಿನ ಕಾಗದದಲ್ಲಿ.

ನೀವು ಕೇಳಬಹುದು, ಎಲೆಕ್ಟ್ರಾನ್ ಹಳೆಯ ವಿದ್ಯೆ ಅಲ್ವಾ, ಹೊಸ ಹೊಸ ಎಕ್ಸ್‌ರೇ ಪದ್ಧತಿಗಳು ಬಂದ ಮೇಲೆ ಅದರ ಬಳಕೆಯೇ ಕಡಿಮೆಯಾಗಿದೆಯಲ್ಲಾ ಎಂದು. ಬಳಕೆ ಕಡಿಮೆಯಾಗಿದ್ದು ನಿಜ. ಹಳೆಯದು ಎಂಬುದೂ ನಿಜ, 1940ರಲ್ಲಿ ಡೊನಾಲ್ಡ್ ಕೆರ್ಸ್ಟ್ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನ್‌ಗಳ ವೇಗ ಹೆಚ್ಚಿಸುವ ಬೀಟಾಟ್ರಾನ್ ಯಂತ್ರ ಕಟ್ಟಿದ ಕಾಲದಿಂದ ಈ ದಾರಿ ತೆರೆಯಿತು. ಆದರೆ ಕಳೆದ ಹತ್ತು ಹನ್ನೆರಡು ವರ್ಷದಲ್ಲಿ ರೇಡಿಯೇಷನ್ ಲೋಕದಲ್ಲಿ ಅತಿ ಹೆಚ್ಚು ಕುತೂಹಲ ಹುಟ್ಟಿಸಿದ ಸುದ್ದಿ ಬಂದಿದ್ದು ಇದೇ ಎಲೆಕ್ಟ್ರಾನ್ ಕಡೆಯಿಂದ.

2014ರಲ್ಲಿ ಫ್ರಾನ್ಸಿನ ಕ್ಯೂರಿ ಸಂಸ್ಥೆಯ ವಿಜ್ಞಾನಿಗಳು ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಮಾಮೂಲಿಯಾಗಿ ನಿಮಿಷಗಟ್ಟಲೆ ಕೊಡುವ ರೇಡಿಯೇಷನ್ನನ್ನು ಎಲೆಕ್ಟ್ರಾನ್‌ಗಳಿಂದ ಸೆಕೆಂಡಿಗೆ 40 ಗ್ರೇಗಿಂತ ಹೆಚ್ಚಿನ ವೇಗದಲ್ಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕೊಟ್ಟರು. ಗಡ್ಡೆಗೆ ಪೆಟ್ಟು ಅಷ್ಟೇ ಬಿತ್ತು. ಸುತ್ತಲಿನ ಒಳ್ಳೆಯ ಶ್ವಾಸಕೋಶಕ್ಕೆ ಹಾನಿ ಮಾತ್ರ ತುಂಬಾ ಕಡಿಮೆ. ಇದಕ್ಕೆ ಫ್ಲ್ಯಾಶ್ ಎಂದು ಹೆಸರಿಟ್ಟರು. ಯಾಕೆ ಹೀಗಾಗುತ್ತದೆ ಎಂಬುದು ವಿಜ್ಞಾನಿಗಳಿಗೇ ಇನ್ನೂ ಪೂರ್ತಿ ಬಗೆಹರಿದಿಲ್ಲ. 2018ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಮೊದಲ ರೋಗಿಗೆ ಕೊಟ್ಟರು. 75 ವರ್ಷದ ಅಜ್ಜ, ಚರ್ಮದ ಲಿಂಫೋಮಾ, ಅದಕ್ಕೂ ಮೊದಲು ಮೈಯ ಬೇರೆ ಬೇರೆ ಜಾಗಗಳಿಗೆ ನೂರಕ್ಕೂ ಹೆಚ್ಚು ಸಲ ರೇಡಿಯೇಷನ್ ಆಗಿದ್ದ ಜೀವ. ಮೂರೂವರೆ ಸೆಂಟಿಮೀಟರ್‌ನ ಒಂದು ಗಡ್ಡೆಗೆ 15 ಗ್ರೇ, ಕೇವಲ 90 ಮಿಲಿಸೆಕೆಂಡಿನಲ್ಲಿ. ಐದು ತಿಂಗಳಾದರೂ ಗಡ್ಡೆ ಮತ್ತೆ ಕಾಣಲಿಲ್ಲ, ಚರ್ಮಕ್ಕೂ ದೊಡ್ಡ ತೊಂದರೆ ಆಗಲಿಲ್ಲ. ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಆದರೆ ಅಲ್ಲಿಗೇ ನಿಲ್ಲಬಾರದು ಎಂದು ಮುಂದಕ್ಕೂ ಓದಿದೆ. ಅದೇ ರೋಗಿಯ ಬೇರೆ ಗಡ್ಡೆಗಳಿಗೆ ಫ್ಲ್ಯಾಶ್ ಮತ್ತು ಮಾಮೂಲಿ ಎರಡನ್ನೂ ಕೊಟ್ಟು ಹೋಲಿಸಿ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೂಗಿನ ಕ್ಯಾನ್ಸರ್ ಇದ್ದ ಬೆಕ್ಕುಗಳಲ್ಲಿ ಮೊದಲು ಒಳ್ಳೆಯ ಫಲ ಬಂತು. ಮುಂದಿನ ಪ್ರಯೋಗದಲ್ಲಿ ಫ್ಲ್ಯಾಶ್ ಪಡೆದ ಏಳು ಬೆಕ್ಕುಗಳಲ್ಲಿ ಮೂರಕ್ಕೆ ತಿಂಗಳುಗಳ ನಂತರ ಮೂಳೆ ಸತ್ತುಹೋಯಿತು, ಪ್ರಯೋಗವನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಹೀಗಾಗಿ ಇದು ಇನ್ನೂ ಪರೀಕ್ಷೆಯ ಹಂತದ್ದು. ಓದುಗರಲ್ಲಿ ಯಾರ ಮನೆಯಲ್ಲಾದರೂ ರೋಗಿ ಇದ್ದರೆ ದಯವಿಟ್ಟು ಕೇಳಿ. ಫ್ಲ್ಯಾಶ್ ಬರುತ್ತದೆ ಎಂದು ಕಾಯುತ್ತಾ ಈಗಿನ ಚಿಕಿತ್ಸೆ ಮುಂದೂಡಬೇಡಿ. ಯಾರಾದರೂ ಒಂದೇ ಸೆಕೆಂಡಿನಲ್ಲಿ ಗುಣ ಮಾಡುತ್ತೇವೆ ಎಂದು ದುಡ್ಡು ಕೇಳಿದರೆ ಕೊಡಬೇಡಿ.

ಇನ್ನೊಂದು ದಾರಿ ಆಪರೇಷನ್ ಟೇಬಲ್ ಮೇಲೇ ಎಲೆಕ್ಟ್ರಾನ್ ಕೊಡುವುದು. ಗಡ್ಡೆ ತೆಗೆದ ಕೂಡಲೇ, ಗಾಯ ಹೊಲಿಯುವ ಮೊದಲು, ತಳ್ಳಿಕೊಂಡು ಬರುವಂಥ ಚಿಕ್ಕ ಲಿನಾಕ್‌ನಿಂದ ಒಂದೇ ಸಲ ಕೊಟ್ಟು ಮುಗಿಸುತ್ತಾರೆ. ಇದನ್ನು ಓದುವಾಗ ನನಗೆ ಆ ರಾಯಚೂರಿನ ಹೆಂಗಸು ನೆನಪಾದಳು. ಒಂದೇ ಸಲಕ್ಕೆ ಮುಗಿದಿದ್ದರೆ ಅವಳು ಅರ್ಧಕ್ಕೆ ಹೋಗುತ್ತಿರಲಿಲ್ಲ ಅಲ್ವಾ. ಇಟಲಿಯ ಮಿಲಾನ್‌ನಲ್ಲಿ ಉಂಬೆರ್ತೊ ವೆರೊನೇಸಿ ಅವರ ಸಂಸ್ಥೆ 2000ದಿಂದ 2007ರವರೆಗೆ 1305 ಸ್ತನ ಕ್ಯಾನ್ಸರ್ ರೋಗಿಗಳನ್ನು ಸೇರಿಸಿಕೊಂಡು ಇದನ್ನೇ ಪರೀಕ್ಷಿಸಿತು. ಅರ್ಧದಷ್ಟು ಜನರಿಗೆ ಟೇಬಲ್ ಮೇಲೇ ಒಂದೇ ಸಲ 21 ಗ್ರೇ ಎಲೆಕ್ಟ್ರಾನ್, ಉಳಿದವರಿಗೆ ವಾರಗಟ್ಟಲೆಯ ಮಾಮೂಲಿ ಚಿಕಿತ್ಸೆ. ಐದು ವರ್ಷಕ್ಕೆ ಅದೇ ಸ್ತನದಲ್ಲಿ ಕ್ಯಾನ್ಸರ್ ಮತ್ತೆ ಬಂದದ್ದು ಎಲೆಕ್ಟ್ರಾನ್ ಗುಂಪಿನಲ್ಲಿ ಶೇ. 4.4, ಮಾಮೂಲಿ ಗುಂಪಿನಲ್ಲಿ ಶೇ. 0.4. ಹದಿನೈದು ವರ್ಷಕ್ಕೆ ಶೇ. 12.6 ಮತ್ತು ಶೇ. 2.4. ಬದುಕುಳಿದವರ ಪ್ರಮಾಣದಲ್ಲಿ ವ್ಯತ್ಯಾಸ ಇರಲಿಲ್ಲ. ಅಂದರೆ ಎಲ್ಲರಿಗೂ ಅಲ್ಲ, ಅಪಾಯ ತೀರಾ ಕಡಿಮೆ ಇರುವವರನ್ನು ಆರಿಸಿ ಕೊಡಬೇಕಾದ ಚಿಕಿತ್ಸೆ, ಅಥವಾ ಬೂಸ್ಟ್ ಭಾಗವನ್ನಷ್ಟೇ ಟೇಬಲ್ ಮೇಲೆ ಮುಗಿಸಲು ಬಳಸುವ ಚಿಕಿತ್ಸೆ. ಬೂಸ್ಟ್ ಅಲ್ಲೇ ಮುಗಿದರೂ ನಮ್ಮಂಥವರಿಗೆ ಐದು ದಿನ ಉಳಿಯುತ್ತದೆ.

ಆಳದ ಗಡ್ಡೆಗೂ ಎಲೆಕ್ಟ್ರಾನ್ ಮುಟ್ಟಿಸಬೇಕು ಎಂದು ಲೊಸಾನ್ ಆಸ್ಪತ್ರೆಯೂ ಜಿನೀವಾದ ಕಣ ಭೌತಶಾಸ್ತ್ರ ಸಂಸ್ಥೆ ಸರ್ನ್ ಕೂಡ ಕೈಜೋಡಿಸಿವೆ. ಈಗಿನ ಆಸ್ಪತ್ರೆ ಯಂತ್ರಗಳಲ್ಲಿ ಎಲೆಕ್ಟ್ರಾನ್ ಶಕ್ತಿ ಸಾಮಾನ್ಯವಾಗಿ 6ರಿಂದ 20 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ನ ಆಸುಪಾಸು. ಅವರು ಕಟ್ಟಲು ಹೊರಟಿರುವುದು 100ಕ್ಕಿಂತ ಮೇಲಿನದು. ಅದು ಬರಲಿ, ನೋಡೋಣ.

ನನ್ನನ್ನು ಕೇಳಿದರೆ ನಮ್ಮ ರಾಜ್ಯಕ್ಕೆ ನಾಳೆಯೇ ಬೇಕಾದ ಮುನ್ನಡೆ ಇವ್ಯಾವೂ ಅಲ್ಲ, ಇನ್ನೂ ಚಿಕ್ಕದು. ಎಲೆಕ್ಟ್ರಾನ್ ಚಿಕಿತ್ಸೆಯಲ್ಲಿ ಪ್ರತಿ ರೋಗಿಗೂ ಗಡ್ಡೆಯ ಆಕಾರಕ್ಕೆ ತಕ್ಕ ಒಂದು ಲೋಹದ ಚೌಕಟ್ಟು ಮಾಡುತ್ತಾರೆ. ಬಿಸ್ಮತ್, ಸೀಸ, ತವರ, ಕ್ಯಾಡ್ಮಿಯಂ ಸೇರಿದ ಮಿಶ್ರಲೋಹ, 70 ಡಿಗ್ರಿಗೇ ಕರಗುತ್ತದೆ. ಬೆಂಗಳೂರಿನಲ್ಲಿ ಅವ್ವನ ಚೌಕಟ್ಟನ್ನು ಕೈಯಲ್ಲಿ ಹಿಡಿದು ನೋಡಿದೆ. ನಡುವೆ ಮಾವಿನಕಾಯಿ ಹೋಳಿನ ಆಕಾರದ ತೂತು, ಅಷ್ಟೇ. ಮುಗಿದ ಮೇಲೆ ಕರಗಿಸಿ ಇನ್ನೊಬ್ಬರಿಗೆ ಎರಕ ಹೊಯ್ಯುತ್ತಾರೆ. ಹಾಗೇ ಮೂಗು, ಕಿವಿ, ಗಾಯದ ತಗ್ಗು ಇರುವ ಕಡೆ ಎಲೆಕ್ಟ್ರಾನ್ ಸಮವಾಗಿ ಬೀಳಲಿ ಎಂದು ಚರ್ಮದ ಮೇಲೆ ಬೋಲಸ್ ಎಂಬ ಪದರ ಇಡುತ್ತಾರೆ. ಮೊದಲೆಲ್ಲ ಮೇಣವನ್ನು ಕೈಯಲ್ಲಿ ಒತ್ತಿ ಮಾಡುತ್ತಿದ್ದದ್ದು. ಈಗ ರೋಗಿಯ ಸ್ಕ್ಯಾನ್ ನೋಡಿ ತ್ರೀಡಿ ಪ್ರಿಂಟರ್‌ನಲ್ಲಿ ಅಚ್ಚುಕಟ್ಟಾಗಿ ಮುದ್ರಿಸುತ್ತಾರೆ, ಮೈಗೆ ಅಂಟಿದಂತೆ ಕೂರುತ್ತದೆ, ನಡುವೆ ಗಾಳಿ ಉಳಿಯುವುದಿಲ್ಲ. ಡೋಸ್ ಲೆಕ್ಕ ಹಾಕುವ ಸಾಫ್ಟ್‌ವೇರ್ ಕೂಡ ಒಂದೊಂದು ಕಣದ ದಾರಿಯನ್ನೂ ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಮಾಂಟೆ ಕಾರ್ಲೊ ಪದ್ಧತಿ ಬಂದ ಮೇಲೆ ಮೂಳೆ, ಗಾಳಿ, ಏರುತಗ್ಗು ಇರುವ ಕಡೆ ಮೊದಲಿಗಿಂತ ಎಷ್ಟೋ ನಂಬಿಕಸ್ಥವಾಗಿದೆ. ತ್ರೀಡಿ ಪ್ರಿಂಟರ್ ನಮ್ಮ ಎಷ್ಟೋ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸುಮ್ನೆ ಕೂತಿವೆ. ಆಸ್ಪತ್ರೆಗೂ ಕಾಲೇಜಿಗೂ ಒಂದು ಒಪ್ಪಂದ ಮಾಡಿಸುವುದು ನಿಮಗೆ ದೊಡ್ಡ ಕೆಲಸವಲ್ಲ.

ಇನ್ನು ಜನ. ಯಂತ್ರ ತಂದು ಫಿಸಿಸಿಸ್ಟ್ ಹುದ್ದೆ ಖಾಲಿ ಬಿಟ್ಟರೆ ಎಲೆಕ್ಟ್ರಾನ್ ಇದ್ದೂ ಇಲ್ಲದಂತೆ, ಅಥವಾ ಅದಕ್ಕಿಂತ ಕೆಟ್ಟದಾಗಿ ಅಪಾಯ. 1990ರ ಡಿಸೆಂಬರ್‌ನಲ್ಲಿ ಸ್ಪೇನಿನ ಜರಗೋಜಾದಲ್ಲಿ ಒಂದು ಲಿನಾಕ್ ರಿಪೇರಿ ಆಯಿತು. ಆಮೇಲೆ ಯಾವ ಶಕ್ತಿ ಆರಿಸಿದರೂ ಮೀಟರ್ 36 ಎಂದೇ ತೋರಿಸುತ್ತಿತ್ತು. ಮುಳ್ಳು ಅಂಟಿಕೊಂಡಿರಬೇಕು ಎಂದುಕೊಂಡು ಚಿಕಿತ್ಸೆ ಮುಂದುವರಿಸಿದರು. ಮುಳ್ಳು ಸರಿಯಾಗಿಯೇ ಇತ್ತು, ಎಲೆಕ್ಟ್ರಾನ್‌ಗಳು ನಿಜಕ್ಕೂ 36ರ ಶಕ್ತಿಯಲ್ಲೇ ಬರುತ್ತಿದ್ದವು. ಫಿಸಿಸಿಸ್ಟ್ ಅಳೆದು ನೋಡಿ ಒಪ್ಪುವ ಮೊದಲೇ ಯಂತ್ರವನ್ನು ಕೆಲಸಕ್ಕೆ ಹಚ್ಚಿದ್ದರು. ಹತ್ತು ದಿನದಲ್ಲಿ 27 ರೋಗಿಗಳಿಗೆ ಮಿತಿಮೀರಿ ರೇಡಿಯೇಷನ್ ಬಿತ್ತು, ಹಲವರು ಸತ್ತರು. ನಮ್ಮಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳು ಬಿಗಿಯಾಗಿವೆ, ಫಿಸಿಸಿಸ್ಟ್ ಇಲ್ಲದೆ ಯಂತ್ರ ನಡೆಸುವಂತಿಲ್ಲ. ಆದರೆ ಒಬ್ಬರೇ ಫಿಸಿಸಿಸ್ಟ್ ಇರುವ ಕಡೆ ದಿನದ ರೋಗಿಗಳನ್ನು ಮುಗಿಸುವುದೇ ಕಷ್ಟ, ಎಲೆಕ್ಟ್ರಾನ್‌ನ ಪ್ರತಿ ಶಕ್ತಿಯನ್ನೂ ಪ್ರತಿ ಚೌಕಟ್ಟನ್ನೂ ಅಳೆಯಲು ಅವರಿಗೆ ಹೊತ್ತೆಲ್ಲಿ? ಎಲೆಕ್ಟ್ರಾನ್ ಇರುವ ಯಂತ್ರ ಕೊಂಡೂ ಅದನ್ನು ಬಳಸದೆ ಬಿಡುವುದು ಹೀಗೆಯೇ ಶುರುವಾಗುವುದು ಎಂದು ಬೆಂಗಳೂರಿನ ಆ ಫಿಸಿಸಿಸ್ಟ್ ಹೇಳಿದ್ದರು.

ಕಲಿತವರು ಸಿಗುವುದಿಲ್ಲ ಎಂದು ಮಾತ್ರ ಹೇಳಬೇಡಿ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ 8 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ನ ಮೈಕ್ರೋಟ್ರಾನ್ ಎಂಬ ಎಲೆಕ್ಟ್ರಾನ್ ಯಂತ್ರ ಇದೆ, ಇಂದೋರಿನ ಸಂಸ್ಥೆಯ ನೆರವಿನಿಂದ ಬಂದದ್ದು. ಚಿಕಿತ್ಸೆಗಲ್ಲ, ಸಂಶೋಧನೆಗೆ. ಅವ್ವನ ಮೈಗೆ ಹೋದ ಎಲೆಕ್ಟ್ರಾನ್‌ಗೂ ಅಲ್ಲಿ ಹುಟ್ಟುವ ಎಲೆಕ್ಟ್ರಾನ್‌ಗೂ ಶಕ್ತಿಯಲ್ಲಿ ಇರುವ ವ್ಯತ್ಯಾಸ ಒಂದೇ ಒಂದು ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಎಲೆಕ್ಟ್ರಾನ್ ಜೊತೆ ಕೆಲಸ ಮಾಡಿ ಗೊತ್ತಿರುವ ಕನ್ನಡದ ಹುಡುಗ ಹುಡುಗಿಯರು ಇದ್ದಾರೆ. ನನ್ನ ತರಗತಿಯಲ್ಲೇ ಈ ವರ್ಷ ಇಬ್ಬರು ಹುಡುಗಿಯರು ಮೆಡಿಕಲ್ ಫಿಸಿಕ್ಸ್ ಅಂದರೇನು ಟೀಚರ್ ಎಂದು ಕೇಳಿಕೊಂಡು ಬಂದರು. ಅವರು ಓದಿ ಮುಗಿಸುವ ಹೊತ್ತಿಗೆ ಹುದ್ದೆ ಇರಬೇಕು.

ಹೀಗಾಗಿ ಕೇಳುವುದು ಇಷ್ಟು. ಬೆಂಗಳೂರಿನ ಹೊರಗೆ ಎಲ್ಲಿ ಒಂದೇ ಲಿನಾಕ್ ಕೂರಿಸುತ್ತೀರೋ ಅಲ್ಲಿ ಎಲೆಕ್ಟ್ರಾನ್ ಇರುವ ಯಂತ್ರವನ್ನೇ ಕೂರಿಸಿ, ಕನಿಷ್ಠ 6, 9, 12ರ ಶಕ್ತಿಗಳು ಇರಲಿ, ಬೆಲೆ ಇಳಿಸಲು ಆ ಸಾಲನ್ನು ಟೆಂಡರಿನಿಂದ ಹೊಡೆದುಹಾಕಬೇಡಿ. ಎರಡನೇ ಯಂತ್ರಕ್ಕೆ ಬೇಕಾದರೆ ಉಂಗುರದ್ದೇ ತನ್ನಿ. ಯಂತ್ರದ ಜೊತೆಗೇ ಫಿಸಿಸಿಸ್ಟ್ ಮತ್ತು ಚೌಕಟ್ಟು ಎರಕ ಹೊಯ್ಯುವ ಮೋಲ್ಡ್ ರೂಮ್ ಟೆಕ್ನಿಷಿಯನ್ ಹುದ್ದೆಗೂ ಮಂಜೂರಾತಿ ಕೊಡಿ. ಅಲ್ಲಿಯವರೆಗೆ ಒಂದು ಊರಿನಿಂದ ಇನ್ನೊಂದು ಊರಿಗೆ ಬೂಸ್ಟ್‌ಗಾಗಿ ಕಳಿಸುವ ರೋಗಿಗೆ, ಜೊತೆಗೆ ಒಬ್ಬರಿಗೆ, ಇರಲು ಜಾಗ ಮತ್ತು ಊಟದ ಖರ್ಚು ಯೋಜನೆಯಲ್ಲೇ ಸೇರಲಿ. ಮೊದಲ ಆಸ್ಪತ್ರೆಯ ಸ್ಕ್ಯಾನ್ ಮತ್ತು ಲೆಕ್ಕ ರೋಗಿಯ ಜೊತೆ ಪೆನ್‌ಡ್ರೈವ್‌ನಲ್ಲಾದರೂ ಹೋಗಲಿ. ನಮ್ಮ ಹತ್ತೊಂಬತ್ತು ದಿನದಲ್ಲಿ ಒಂದು ವಾರ ಹೋಗಿದ್ದು ಅದಕ್ಕೇ.

ಅವ್ವ ಈಗ ಚೆನ್ನಾಗಿದ್ದಾಳೆ. ಹೋದ ತಿಂಗಳು ಚೆಕಪ್‌ಗೆ ಹೋದಾಗ, ಆ ಕರೆಂಟಿನ ಮಷೀನು ನಮ್ಮೂರ ಕಡೆ ಬಂತೇನು ಎಂದು ಕೇಳಿದಳು. ಇಲ್ಲ ಎಂದೆ. ಮುಂದಿನ ಚೆಕಪ್ ಆರು ತಿಂಗಳಿಗೆ ಇದೆ.

ಇತಿ,
ಗದಗ ಜಿಲ್ಲೆಯ ಒಬ್ಬ ಭೌತಶಾಸ್ತ್ರ ಉಪನ್ಯಾಸಕಿ